ಬಸ್ಸು ಇಳಿಸುವುದು ಐದೂವರೆಗೆ, ಪರೀಕ್ಷೆ ಎರಡಕ್ಕೆ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರ, 2025ರ ಡಿಸೆಂಬರ್ 7ರಂದು, ಮಧ್ಯಾಹ್ನ ಒಂದೂವರೆಯಿಂದ ನಾಲ್ಕೂವರೆಯವರೆಗೆ ಬೆಂಗಳೂರಿನ ಒಂದು ಕಾಲೇಜಿನ ಗೇಟಿನೆದುರು ನಾನು ಹನ್ನೊಂದು ಬ್ಯಾಗು, ಎಂಟು ಮೊಬೈಲು, ಒಂದು ಹೆಲ್ಮೆಟ್ಟು ಮತ್ತು ಒಂದು ಸ್ಟೀಲ್ ಡಬ್ಬಿ ಕಾಯುತ್ತಾ ಕುಳಿತಿದ್ದೆ. ಅದರಲ್ಲಿ ನಮ್ಮದು ಒಂದು ಬ್ಯಾಗು, ಒಂದು ಮೊಬೈಲು. ಉಳಿದವುಗಳ ಒಡೆಯರ ಮುಖವನ್ನು ನಾನು ಮೊದಲ ಸಲ ನೋಡಿದ್ದೇ ಅಂದು. ಒಳಗೆ ಕ್ಲ್ಯಾಟ್ ನಡೆಯುತ್ತಿತ್ತು. ಪಿಯುಸಿ ಮುಗಿಸುವ ಮಕ್ಕಳು ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಐದು ವರ್ಷದ ಪದವಿಗೆ ಸೇರಬೇಕಾದರೆ ಬರೆಯಬೇಕಾದ ಸಾಮಾನ್ಯ ಪ್ರವೇಶ ಪರೀಕ್ಷೆ ಇದು. ಅದರ ಪ್ರಶ್ನೆಗಳ ಬಗ್ಗೆ ಮಾತನಾಡುವ ಯೋಗ್ಯತೆ ನನಗಿಲ್ಲ. ಗೇಟಿನ ಹೊರಗಿನ ವ್ಯವಸ್ಥೆಯ ಬಗ್ಗೆ ಮಾತನಾಡುವ ಯೋಗ್ಯತೆಯನ್ನು ಆ ಮೂರು ಗಂಟೆಯಲ್ಲಿ ಸಂಪಾದಿಸಿದ್ದೇನೆ. ಪತ್ರ ಉದ್ದವಾಯಿತೆಂದು ಕತ್ತರಿ ಹಾಕಬೇಡಿ. ಹಾಕಲೇಬೇಕಾದರೆ ಕೊನೆಯ ಎರಡು ಪ್ಯಾರಾಗಳನ್ನಾದರೂ ಉಳಿಸಿ.

ನಾನು ಲಿಂಗಸುಗೂರಿನಲ್ಲಿ ಹದಿನಾಲ್ಕು ವರ್ಷದಿಂದ ಝೆರಾಕ್ಸ್ ಅಂಗಡಿ ನಡೆಸುತ್ತಿದ್ದೇನೆ. ಹೆಸರಿಗೆ ಝೆರಾಕ್ಸ್, ಹೊಟ್ಟೆ ಹೊರೆಯುವುದು ಆನ್‌ಲೈನ್ ಅರ್ಜಿ. ಜಾತಿ, ಆದಾಯ ಪ್ರಮಾಣ ಪತ್ರ, ವಿದ್ಯಾರ್ಥಿವೇತನ, ಬೆಳೆ ವಿಮೆ, ಸಿಇಟಿ, ನೀಟ್, ಪೊಲೀಸ್ ನೇಮಕಾತಿ ಎಲ್ಲವೂ ನನ್ನ ಎರಡು ಕಂಪ್ಯೂಟರುಗಳ ಮೂಲಕವೇ ಹಾದುಹೋಗುತ್ತವೆ. ಫಲಿತಾಂಶದ ತಿಂಗಳುಗಳಲ್ಲಿ ಅಂಗಡಿಯ ಮೆಟ್ಟಿಲ ಮೇಲೆ ಚಪ್ಪಲಿ ಬಿಡಲು ಜಾಗವಿರುವುದಿಲ್ಲ. ಇಷ್ಟು ವರ್ಷಗಳಲ್ಲಿ ನಾನು ತುಂಬಿದ ಕ್ಲ್ಯಾಟ್ ಅರ್ಜಿಗಳು ಮೂರೇ ಮೂರು. ಮೂರನೆಯದು ನನ್ನ ತಂಗಿಯ ಮಗಳದು.

ಹುಡುಗಿ ಸರ್ಕಾರಿ ಕಾಲೇಜಿನಲ್ಲಿ ದ್ವಿತೀಯ ಪಿಯುಸಿ ಕಲಾ ವಿಭಾಗ ಓದುತ್ತಿದ್ದಾಳೆ. ಅವರ ಮನೆಯ ಹೊಲದ ಪಾಲಿನ ದಾವೆ ಅವಳು ಮೂರನೆಯ ತರಗತಿಯಲ್ಲಿದ್ದಾಗ ಶುರುವಾದದ್ದು ಇನ್ನೂ ನಡೆಯುತ್ತಿದೆ. ರಜೆಯಲ್ಲಿ ತಾರೀಖು ಬಿದ್ದಾಗಲೆಲ್ಲ ಅಪ್ಪನ ಜತೆ ಕೋರ್ಟಿಗೆ ಹೋಗಿ ಕಟ್ಟೆಯ ಮೇಲೆ ಕುಳಿತು ಬೆಳೆದವಳು. "ದೊಡ್ಡವ್ವ, ಅಲ್ಲಿ ವಾಯಿದೆ ಕೇಳುವವರೇ ಎಲ್ಲರೂ, ವಾದ ಮಾಡುವವರನ್ನು ನಾನು ಕಂಡೇ ಇಲ್ಲ" ಎನ್ನುತ್ತಾಳೆ. ಅದಕ್ಕೇ ವಕೀಲಳಾಗಬೇಕಂತೆ.

ಅರ್ಜಿ ಆಗಸ್ಟ್ 1ಕ್ಕೇ ತೆರೆದಿತ್ತು. ನಮಗೆ ತಿಳಿದದ್ದು ದಸರಾ ರಜೆ ಮುಗಿದ ಮೇಲೆ, ರಾಜ್ಯಶಾಸ್ತ್ರದ ಉಪನ್ಯಾಸಕರೊಬ್ಬರು ಹೇಳಿದಾಗ. ಅಕ್ಟೋಬರ್ 31 ಎಂದಿದ್ದ ಕೊನೆಯ ದಿನ ನವೆಂಬರ್ 7ಕ್ಕೆ ಹೋದದ್ದರಿಂದ ನಾವು ಬದುಕಿಕೊಂಡೆವು. ನೀಟ್, ಸಿಇಟಿ ಅರ್ಜಿ ಯಾವಾಗ ಎಂಬುದು ನಮ್ಮೂರಿನ ಚಹಾ ಅಂಗಡಿಯವನಿಗೂ ಗೊತ್ತಿರುತ್ತದೆ. ಕಾನೂನಿನ ಪರೀಕ್ಷೆ ಇದೆ ಎಂಬುದು ಕೋರ್ಟಿನ ಎದುರಿನ ಟೈಪಿಂಗ್ ಅಂಗಡಿಯವರಿಗೂ ಗೊತ್ತಿರಲಿಲ್ಲ.

ಅರ್ಜಿ ತುಂಬುವ ವಿಷಯದಲ್ಲಿ ನನ್ನ ವೃತ್ತಿಯವರ ತಪ್ಪನ್ನು ಮೊದಲು ಒಪ್ಪಿಕೊಳ್ಳುತ್ತೇನೆ. ಮೊಬೈಲ್ ಸಂಖ್ಯೆಗೆ ಒಟಿಪಿ ಬರುತ್ತದೆ. ಮಗುವಿನ ಕೈಯಲ್ಲಿ ಮೊಬೈಲ್ ಇರುವುದಿಲ್ಲ, ಅಪ್ಪನ ಮೊಬೈಲು ಹೊಲದಲ್ಲಿರುತ್ತದೆ, ಅಲ್ಲಿ ಸಿಗ್ನಲ್ ಇರುವುದಿಲ್ಲ. ಅಂಗಡಿಯಲ್ಲಿ ಸಾಲು ಬೆಳೆಯುತ್ತಿರುತ್ತದೆ. ಆಗ ನಾವು ನಮ್ಮದೇ ಸಂಖ್ಯೆ ಹಾಕಿ ಕೆಲಸ ಮುಗಿಸುತ್ತೇವೆ. ಮೂರು ತಿಂಗಳ ಬಳಿಕ ಪ್ರವೇಶ ಪತ್ರ ಬಂದಿದೆ ಎಂಬ ಸಂದೇಶ ಅಂಗಡಿಯವನ ಮೊಬೈಲಿಗೆ ಬರುತ್ತದೆ. ಅವನು ಅದನ್ನು ಗ್ಯಾಸ್ ಏಜೆನ್ಸಿಯ ಸಂದೇಶದ ಜತೆ ಅಳಿಸಿಹಾಕುತ್ತಾನೆ. ನನ್ನ ಎರಡನೆಯ ಕ್ಲ್ಯಾಟ್ ಅರ್ಜಿಯ ಹುಡುಗನಿಗೆ ನಾನು ಹೀಗೆಯೇ ಮಾಡಿದ್ದೆ. ಅವನು ತಾನಾಗಿ ಬಂದು ಕೇಳಿದ್ದರಿಂದ ಅನಾಹುತ ತಪ್ಪಿತು. ಅಂದಿನಿಂದ ಮನೆಯವರ ಸಂಖ್ಯೆಯಿಲ್ಲದೆ ಅರ್ಜಿ ಮುಟ್ಟುವುದಿಲ್ಲ ಎಂದು ಗೋಡೆಯ ಮೇಲೆ ಬರೆದು ಅಂಟಿಸಿದ್ದೇನೆ.

ಇನ್ನೊಂದು ತೊಡಕು ಹೆಸರಿನದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹುಡುಗಿಯ ಹೆಸರಿನ ಮುಂದೆ ಒಂದೇ ಅಕ್ಷರದ ಇನಿಶಿಯಲ್, ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು. ನಮ್ಮ ಕಡೆಯ ಮಕ್ಕಳಲ್ಲಿ ಅರ್ಧಕ್ಕರ್ಧ ಜನರ ಕತೆ ಇದೇ. ಅಂಕಪಟ್ಟಿಯಂತೆ ತುಂಬಿ, ಎರಡೂ ದಾಖಲೆಗಳ ಮೂಲ ಪ್ರತಿಗಳನ್ನು ಜತೆಗಿಟ್ಟುಕೊಂಡೆವು. ಗೇಟಿನಲ್ಲಿ ಯಾರೂ ತಕರಾರು ಮಾಡಲಿಲ್ಲ. ಆದರೆ ಆ ಒಂದು ಅಕ್ಷರದ ಚಿಂತೆಯಲ್ಲಿ ನನ್ನ ತಂಗಿ ಒಂದು ವಾರ ಸರಿಯಾಗಿ ಊಟ ಮಾಡಲಿಲ್ಲ.

ಶುಲ್ಕ 4,000 ರೂಪಾಯಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮತ್ತು ಬಿಪಿಎಲ್ ಕುಟುಂಬದವರಿಗೆ 3,500. ಇದೇ ವರ್ಷದ ನೀಟ್‌ಗೆ ಸಾಮಾನ್ಯ ವರ್ಗದವರು ಕಟ್ಟಿದ್ದು 1,700, ಪರಿಶಿಷ್ಟರು 1,000. ಬಡವರಿಗೆ ಐನೂರು ರೂಪಾಯಿಯ ರಿಯಾಯಿತಿ ಎಂದರೆ ಸೀರೆ ಅಂಗಡಿಯ ಹಬ್ಬದ ಸೋಡಿಯ ಹಾಗೆ. ಆ ದಿನ ನನ್ನ ತಂಗಿ 3,500 ರೂಪಾಯಿಯನ್ನು ಸಂಘದ ಸಾಲದಿಂದ ತಂದುಕೊಟ್ಟಳು. ಅರ್ಜಿ ತುಂಬಿದ್ದಕ್ಕೆ ನನ್ನ ಕೂಲಿ ನಾನು ತೆಗೆದುಕೊಳ್ಳಲಿಲ್ಲ ಎಂದು ಇಲ್ಲಿ ಬರೆದುಕೊಂಡರೆ ನಗಬೇಡಿ.

ಈಗ ಪರೀಕ್ಷೆ ಬರೆಯುವ ಊರಿನ ಆಯ್ಕೆಯ ಮಾತು. ಬೆಂಗಳೂರನ್ನು ಆರಿಸಿದ್ದು ನಾನೇ. ಲಿಂಗಸುಗೂರಿನಿಂದ ರಾತ್ರಿ ನೇರ ಬಸ್ಸಿದೆ, ಬೆಳಿಗ್ಗೆ ಇಳಿಸುತ್ತದೆ. ಪರೀಕ್ಷೆ ಮಧ್ಯಾಹ್ನ ಎರಡರಿಂದ ನಾಲ್ಕು. ಮುಗಿಸಿಕೊಂಡು ಅದೇ ರಾತ್ರಿ ಬಸ್ಸು ಹತ್ತಿದರೆ ಸೋಮವಾರ ಬೆಳಿಗ್ಗೆ ಊರು, ಲಾಡ್ಜಿನ ಖರ್ಚಿಲ್ಲ. ಬಸ್ ನಿಲ್ದಾಣದ ಲೆಕ್ಕ ಹಾಕುವವರಿಗೆಲ್ಲ ಇದು ಸರಿಯಾಗಿಯೇ ಕಾಣುತ್ತದೆ. ಹಿಂದಿನ ದಿನವೇ ಹೋಗಿ ಉಳಿದುಕೊಳ್ಳಿ ಎಂದು ಹೇಳುವವರಿಗೆ ಒಂದು ಮಾತು: ಹದಿನೇಳು ವರ್ಷದ ಹುಡುಗನೊಬ್ಬ ಒಂಟಿಯಾಗಿ ಹೋಗಿ ಕೊಠಡಿ ಕೇಳಿದರೆ, ಅಪ್ರಾಪ್ತ ಎಂದು ಲಾಡ್ಜಿನವರು ಆಧಾರ್ ನೋಡಿ ಹೊರಗೆ ಕಳಿಸುತ್ತಾರೆ.

ಹೋಗುವಾಗ ಹುಡುಗಿಗೆ ನಿದ್ದೆಯಾಗಲಿ ಎಂದು ಸ್ಲೀಪರ್ ಬಸ್ಸಿಗೆ ದುಡ್ಡು ಕೊಟ್ಟೆವು. ಶಕ್ತಿ ಯೋಜನೆ ಸ್ಲೀಪರ್‌ಗೆ ಅನ್ವಯಿಸುವುದಿಲ್ಲ. ಬರುವಾಗ ವೇಗದೂತ ಬಸ್ಸಿನಲ್ಲಿ ಶೂನ್ಯ ಟಿಕೆಟ್. ಕುಷ್ಟಗಿ, ಹೊಸಪೇಟೆ, ಚಿತ್ರದುರ್ಗ ದಾಟಿ ನಾಲ್ಕು ನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ. ಅವಳು ನಿದ್ದೆ ಮಾಡಿದಳೋ ಇಲ್ಲವೋ, ನಾನಂತೂ ಪ್ರವೇಶ ಪತ್ರ ಇದೆಯೇ ಎಂದು ನಾಲ್ಕು ಸಲ ಚೀಲ ಬಿಚ್ಚಿ ನೋಡಿದೆ.

ಬಸ್ಸು ಮೆಜೆಸ್ಟಿಕ್‌ನಲ್ಲಿ ನಮ್ಮನ್ನು ಇಳಿಸಿದ್ದು ಐದೂವರೆಗೆ. ಗೇಟಿನ ಬಳಿ ಹಾಜರಿರಬೇಕಾದದ್ದು ಮಧ್ಯಾಹ್ನ ಒಂದಕ್ಕೆ. ನಡುವೆ ಏಳೂವರೆ ಗಂಟೆ. ಸಂಪಾದಕರೇ, ನಾನು ಈ ಪತ್ರ ಬರೆಯುತ್ತಿರುವುದು ಆ ಏಳೂವರೆ ಗಂಟೆಯ ಬಗ್ಗೆ.

ಮೊದಲ ಒಂದೂವರೆ ಗಂಟೆ ಕಳೆದದ್ದು ನಿಲ್ದಾಣದ ಸಿಮೆಂಟ್ ಬೆಂಚಿನ ಮೇಲೆ. ಡಿಸೆಂಬರ್ ಚಳಿ. ಭಾನುವಾರ ಮೆಟ್ರೊ ಶುರುವಾಗುವುದೇ ಏಳಕ್ಕೆ. ಶೌಚಾಲಯದ ಮುಂದೆ ನಾಲ್ಕು ಜಿಲ್ಲೆಯ ಹೆಂಗಸರ ಸಾಲು. ಹುಡುಗಿ ಅಲ್ಲೇ ಮುಖ ತೊಳೆದು ತಲೆ ಬಾಚಿಕೊಂಡಳು. ಸ್ನಾನದ ಮಾತಿಲ್ಲ. ಬ್ಯಾಗನ್ನು ಎಲ್ಲಾದರೂ ಇಡೋಣವೆಂದು ವಿಚಾರಿಸಿದರೆ, ಎದುರಿನ ರೈಲು ನಿಲ್ದಾಣದಲ್ಲಿ ವ್ಯವಸ್ಥೆ ಇದೆ, ಆದರೆ ಅದು ರೈಲು ಟಿಕೆಟ್ ಇರುವವರಿಗೆ ಎಂದರು.

ಮೆಟ್ರೊ ಹತ್ತಿ, ಆಮೇಲೆ ಆಟೊ ಹತ್ತಿ, ಎಂಟೂಕಾಲಿಗೆ ಕೇಂದ್ರದ ಗೇಟಿನ ಮುಂದೆ ನಿಂತೆವು. ಯಾವ ಕಾಲೇಜು ಎಂಬುದು ಬೇಡ. ಅವರು ಪರೀಕ್ಷೆಗೆ ಕಟ್ಟಡ ಕೊಟ್ಟವರು ಅಷ್ಟೇ. ಕಾವಲುಗಾರ ನಮ್ಮ ಕಡೆಯವನೇ, ಸುರಪುರದವನು. ಕೈ ಮುಗಿದು, "ಒಂದು ಗಂಟೆಗೆ ಬನ್ನಿ ಅಕ್ಕ, ಈಗ ಒಳಗೆ ಬಿಟ್ಟರೆ ನನ್ನ ಕೆಲಸ ಹೋಗುತ್ತದೆ" ಎಂದ. ಒಳಗೆ ದೊಡ್ಡ ಅಂಗಳ, ಹೊಂಗೆಯ ಮರಗಳು, ಅದರ ಕೆಳಗೆ ಸಿಮೆಂಟ್ ಕಟ್ಟೆ, ಗೋಡೆಯ ಪಕ್ಕದಲ್ಲಿ ಸಾಲು ನಲ್ಲಿಗಳು. ಎಲ್ಲವೂ ಗೇಟಿನ ಸರಳುಗಳ ನಡುವೆ ಕಾಣುತ್ತಿದ್ದವು.

ಹತ್ತಿರದ ದರ್ಶಿನಿಯಲ್ಲಿ ತಿಂಡಿ ತಿಂದೆವು. ದರ್ಶಿನಿ ಎಂದರೆ ನಿಂತು ತಿಂದು ಹೊರಡುವ ಜಾಗ, ಪುಸ್ತಕ ಬಿಚ್ಚುವ ಜಾಗವಲ್ಲ. ಅಲ್ಲಿನ ಶೌಚಾಲಯಕ್ಕೆ ಬೀಗ, ಸಿಬ್ಬಂದಿಗೆ ಮಾತ್ರ ಎಂಬ ಫಲಕ. ಅಲ್ಲಿಂದ ಒಂದು ಆಂಜನೇಯನ ಗುಡಿಗೆ ಹೋದೆವು. ಪ್ರಾಕಾರದ ಕಂಬಕ್ಕೆ ಒರಗಿ ಹುಡುಗಿ ಪ್ರಚಲಿತ ವಿದ್ಯಮಾನಗಳ ಟಿಪ್ಪಣಿ ತಿರುವಿದಳು. ಹನ್ನೆರಡಕ್ಕೆ ಪೂಜಾರಿಗಳು ಬಾಗಿಲು ಹಾಕಬೇಕೆಂದರು. ಅಷ್ಟರಲ್ಲಿ ಅದೇ ಪ್ರಾಕಾರದಲ್ಲಿ ಕೈಯಲ್ಲಿ ಟಿಪ್ಪಣಿ ಹಿಡಿದ ಇನ್ನೂ ಆರೇಳು ಮಕ್ಕಳು ಸೇರಿದ್ದರು. ಎಲ್ಲರೂ ರಾತ್ರಿ ಬಸ್ಸಿನವರೇ ಎಂಬುದು ಮುಖ ನೋಡಿದರೆ ತಿಳಿಯುತ್ತಿತ್ತು. ವಿಜಯಪುರದ ಕಡೆಯ ಒಬ್ಬ ಹುಡುಗಿ ನನ್ನನ್ನು ಪಕ್ಕಕ್ಕೆ ಕರೆದು ಹೆಣ್ಣುಮಕ್ಕಳ ತಿಂಗಳ ಸಮಸ್ಯೆ ಹೇಳಿಕೊಂಡಳು. ಅವಳ ಜತೆ ಬಂದಿದ್ದವರು ಅಣ್ಣ. ಅವನಿಗೆ ಹೇಳಲು ಸಂಕೋಚ. ಮೆಡಿಕಲ್ ಅಂಗಡಿ ಹುಡುಕಿ, ಅಲ್ಲಿಂದ ಅರ್ಧ ಕಿಲೋಮೀಟರ್ ನಡೆದು ಪೆಟ್ರೋಲ್ ಬಂಕ್ ಒಂದರ ಶೌಚಾಲಯಕ್ಕೆ ಕರೆದುಕೊಂಡು ಹೋದೆ. ಎರಡು ಗಂಟೆಯ ಪರೀಕ್ಷೆಗೆ ಎರಡು ವರ್ಷ ಓದಿದ ಮಗು ಪರೀಕ್ಷೆಯ ದಿನ ಬೆಳಿಗ್ಗೆ ಓಡಾಡಿದ್ದು ಇದಕ್ಕಾಗಿ.

ಹನ್ನೆರಡೂಮುಕ್ಕಾಲಿಗೆ ಗೇಟಿನ ಮುಂದೆ ಸಾಲು ನಿಂತಿತು. ಒಳಗೆ ಏನೇನು ಒಯ್ಯಬಹುದು ಎಂಬುದು ಮೊದಲೇ ತಿಳಿಸಿದ್ದ ವಿಷಯ: ನೀಲಿ ಅಥವಾ ಕಪ್ಪು ಬಾಲ್ ಪೆನ್ನು, ಪ್ರವೇಶ ಪತ್ರ, ಸರ್ಕಾರ ಕೊಟ್ಟ ಫೋಟೊ ಗುರುತಿನ ಚೀಟಿಯ ಮೂಲ ಪ್ರತಿ, ಪಾರದರ್ಶಕ ನೀರಿನ ಬಾಟಲಿ, ಮುಳ್ಳಿನ ಕೈಗಡಿಯಾರ. ಮೊಬೈಲ್, ಸ್ಮಾರ್ಟ್ ವಾಚು, ಬ್ಯಾಗು ಕೂಡದು. ನಿಯಮ ಸರಿಯಾಗಿಯೇ ಇದೆ, ನಾನು ಅದನ್ನು ದೂರುವುದಿಲ್ಲ. ಇದನ್ನೆಲ್ಲ ನಾನು ಕನ್ನಡದಲ್ಲಿ ಅರ್ಧ ಹಾಳೆಯ ಮೇಲೆ ಬರೆದುಕೊಂಡಿದ್ದೆ. ಆದರೆ ಬ್ಯಾಗ್ ತರಬೇಡಿ ಎಂದು ಬರೆದವರು ರಾತ್ರಿ ಬಸ್ಸಿನಲ್ಲಿ ಒಂಟಿಯಾಗಿ ಬರುವವನು ತನ್ನ ಹೊದಿಕೆ, ಬಟ್ಟೆ, ಪುಸ್ತಕ, ಮೊಬೈಲನ್ನು ಯಾರ ತಲೆಯ ಮೇಲೆ ಇಡಬೇಕು ಎಂದು ಬರೆದಿಲ್ಲ. ಮನೆಯಿಂದ ಕಾರಿನಲ್ಲಿ ಬಂದ ಮಗುವಿಗೆ ಬ್ಯಾಗು ಸಮಸ್ಯೆಯೇ ಅಲ್ಲ, ಕಾರೇ ಅದರ ಬ್ಯಾಗು.

"ಅಮ್ಮಾ, ಇದನ್ನು ಸ್ವಲ್ಪ ನೋಡಿಕೊಳ್ಳುತ್ತೀರಾ?" ಎಂದು ಮೊದಲು ಕೇಳಿದವನು ಒಬ್ಬ ಸಣಕಲು ಹುಡುಗ. ಬೆಳಿಗ್ಗೆ ಆರರಿಂದ ಬ್ಯಾಗು ಹೊತ್ತೇ ತಿರುಗಿದ್ದನಂತೆ. ಬೆನ್ನಿನ ಮೇಲೆ ಅಂಗಿ ಬೆವರಿಗೆ ಅಂಟಿಕೊಂಡಿತ್ತು. ಬ್ಯಾಗಿನ ಜತೆ ಒಂದು ಸ್ಟೀಲ್ ಡಬ್ಬಿಯನ್ನೂ ಕೊಟ್ಟ. ಬ್ಯಾಗಿನಲ್ಲಿ ಎಣ್ಣೆ ಸೋರುತ್ತದೆಂದು ಅದನ್ನು ಬೇರೆಯಾಗಿ ಕೈಯಲ್ಲಿ ಹಿಡಿದಿದ್ದ. ಅವನ ಹಿಂದಿದ್ದವಳು ಕೊಟ್ಟಳು, ಅವಳ ಹಿಂದಿದ್ದವನು ಕೊಟ್ಟ. ಬೈಕಿನಲ್ಲಿ ಬಂದವನೊಬ್ಬ ಹೆಲ್ಮೆಟ್ಟು ಕೊಟ್ಟ. ಹತ್ತು ನಿಮಿಷದಲ್ಲಿ ನನ್ನ ಸುತ್ತ ಸಂತೆ.

ಯಾರದು ಯಾವುದು ಎಂದು ಗುರುತಿಡುವುದು ಹೇಗೆ? ನನ್ನ ಕೈಚೀಲದಲ್ಲಿ ಯಾವಾಗಲೂ ಒಂದು ಬದಿ ಕೆಟ್ಟ ಎ4 ಹಾಳೆಗಳಿರುತ್ತವೆ. ಹರಿದು ಜೋಡಿ ಚೀಟಿ ಮಾಡಿ, ಒಂದನ್ನು ಬ್ಯಾಗಿಗೆ ಸಿಕ್ಕಿಸಿ ಇನ್ನೊಂದನ್ನು ಮಕ್ಕಳ ಕೈಗೆ ಕೊಡಹೊರಟೆ. ಆಗ ನನ್ನ ತಂಗಿಯ ಮಗಳು, "ದೊಡ್ಡವ್ವ, ಚೀಟಿ ಇಟ್ಟುಕೊಂಡು ಒಳಗೆ ಹೋದರೆ ನಕಲು ಎಂದು ಹಿಡಿಯುತ್ತಾರೆ" ಎಂದಳು. ಹೌದಲ್ಲ! ಅಂಗೈ ಮೇಲೆ ಸಂಖ್ಯೆ ಬರೆಯೋಣವೆಂದರೆ ಅದೂ ಅನುಮಾನವೇ. ಕೊನೆಗೆ ಪ್ರತಿಯೊಬ್ಬರ ಪ್ರವೇಶ ಪತ್ರದ ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳನ್ನು ಚೀಟಿಯಲ್ಲಿ ಬರೆದು ಬ್ಯಾಗಿನ ಜಿಪ್ಪಿಗೆ ಸಿಕ್ಕಿಸಿದೆ. ಪ್ರವೇಶ ಪತ್ರ ಹೇಗೂ ಅವರ ಕೈಯಲ್ಲೇ ಇರುತ್ತದೆ, ಹೊರಗೆ ಬಂದು ತೋರಿಸಿದರಾಯಿತು. ಮುಂದಿನ ವರ್ಷ ಯಾರಾದರೂ ಈ ಕೆಲಸ ಮಾಡುವವರಿದ್ದರೆ ಇದೇ ಉಪಾಯ ಮಾಡಿ, ಚೆನ್ನಾಗಿ ನಡೆಯುತ್ತದೆ.

ಒಂದೂವರೆಗೆ ಎಲ್ಲರೂ ಒಳಗೆ ಹೋದರು. ಎರಡೂಕಾಲರ ನಂತರ ಯಾರನ್ನೂ ಬಿಡುವುದಿಲ್ಲ. ಎರಡು ಗಂಟೆ ಐದು ನಿಮಿಷಕ್ಕೆ ಒಬ್ಬ ಹುಡುಗಿ ಆಟೊದಿಂದ ಹಾರಿ ಓಡಿ ಬಂದಳು. ಅದೇ ಸಂಸ್ಥೆಯ ಹೆಸರಿನ ಇನ್ನೊಂದು ಕಟ್ಟಡಕ್ಕೆ ಹೋಗಿಬಿಟ್ಟಿದ್ದಳಂತೆ. ಸುರಪುರದ ಕಾವಲುಗಾರ ಅವಳ ಮೊಬೈಲನ್ನು ಕಿತ್ತು ನನ್ನ ಕಡೆ ಎಸೆಯುವುದೊಂದು ಬಾಕಿ. ಓಡಿ ಬಂದು ನನ್ನ ಮಡಿಲಿಗೆ ಹಾಕಿ ಓಡಿ ಹೋದ. ಎಂಟನೆಯ ಮೊಬೈಲು ಅದೇ.

ಬೀದಿಯಲ್ಲಿ ಹನ್ನೊಂದು ಬ್ಯಾಗು ಗುಡ್ಡೆ ಹಾಕಿಕೊಂಡು ಒಬ್ಬ ಹೆಂಗಸು ಕುಳಿತರೆ ಪೊಲೀಸರಿಗೆ ಹೇಗೆ ಕಾಣಬೇಡ? ಎರಡೂವರೆಗೆ ಒಬ್ಬರು ಬೈಕು ನಿಲ್ಲಿಸಿ ವಿಚಾರಿಸಿದರು. ವಿಷಯ ಹೇಳಿ ಚೀಟಿಗಳನ್ನು ತೋರಿಸಿದೆ. ಪ್ರತಿ ಬ್ಯಾಗನ್ನೂ ಬೂಟಿನ ತುದಿಯಿಂದ ಸರಿಸಿ ನೋಡಿ, "ಇದಕ್ಕೆ ಲೈಸೆನ್ಸ್ ಇದೆಯಾ ಅಮ್ಮ?" ಎಂದು ನಕ್ಕು, ಬಿಸಿಲಿನಿಂದ ಎಬ್ಬಿಸಿ ಪಕ್ಕದ ಸ್ಟೇಷನರಿ ಅಂಗಡಿಯ ತಗಡಿನ ನೆರಳಿಗೆ ಕಳಿಸಿದರು. ಬ್ಯಾಗು ಸಾಗಿಸಲು ಕೈಯನ್ನೂ ಜೋಡಿಸಿದರು.

ಮೊಬೈಲುಗಳಲ್ಲಿ ಐದನ್ನು ಮಕ್ಕಳು ಬಂದ್ ಮಾಡಿ ಕೊಟ್ಟಿದ್ದರು. ಮೂರು ಹೊಡೆದುಕೊಳ್ಳುತ್ತಲೇ ಇದ್ದವು. ಅವುಗಳಲ್ಲಿ ಆ ಸಣಕಲು ಹುಡುಗನ ಮೊಬೈಲಿನ ಮೇಲೆ "ಅವ್ವ" ಎಂದು ಬರುತ್ತಿತ್ತು. ಮೂರನೆಯ ಸಲಕ್ಕೆ ತಡೆಯಲಾಗದೆ ಎತ್ತಿದೆ. ನಾನು ಬ್ಯಾಗು ಕಾಯುವವಳು, ನಿಮ್ಮ ಮಗ ಒಳಗೆ ಬರೆಯುತ್ತಿದ್ದಾನೆ ಎಂದೆ. ಆ ತಾಯಿ ನಾನು ಯಾರು ಎಂದು ಕೇಳಲೇ ಇಲ್ಲ. "ಊಟ ಮಾಡಿದನೇ?" ಎಂದರು. ಡಬ್ಬಿ ನನ್ನ ಪಕ್ಕದಲ್ಲೇ ಇತ್ತು, ಎತ್ತಿ ನೋಡಿದರೆ ತುಂಬಿದ ಭಾರ. ಮಾಡಿದ ಎಂದುಬಿಟ್ಟೆ.

ಇಷ್ಟೆಲ್ಲ ಕೇಳಿ, ಇದೇನು ದೊಡ್ಡ ಕಷ್ಟ, ನಾವೆಲ್ಲ ಹೀಗೆಯೇ ಬರೆದು ಬಂದವರು ಎನ್ನುವ ಹಿರಿಯರಿದ್ದಾರೆ. ಅವರಿಗೆ ಈ ಪರೀಕ್ಷೆ ಹುಟ್ಟಿದ ಕತೆಯನ್ನೇ ನೆನಪಿಸುತ್ತೇನೆ. ಮೊದಲು ಪ್ರತಿ ಕಾನೂನು ವಿಶ್ವವಿದ್ಯಾಲಯವೂ ತನ್ನದೇ ಪ್ರವೇಶ ಪರೀಕ್ಷೆ ನಡೆಸುತ್ತಿತ್ತು. ಒಂದೊಂದಕ್ಕೂ ಬೇರೆ ಅರ್ಜಿ, ಬೇರೆ ಶುಲ್ಕ, ಬೇರೆ ಪ್ರಯಾಣ. ಈ ತೊಂದರೆಯನ್ನೇ ಹೇಳಿಕೊಂಡು 2006ರಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಹೋಯಿತು. ಕೊನೆಗೆ ಏಳು ವಿಶ್ವವಿದ್ಯಾಲಯಗಳು ಒಪ್ಪಿ 2008ರ ಮೇ ತಿಂಗಳಲ್ಲಿ ಮೊದಲ ಕ್ಲ್ಯಾಟ್ ನಡೆಯಿತು. ಆ ಮೊದಲ ಪರೀಕ್ಷೆಯನ್ನು ನಡೆಸಿದ್ದು ನಮ್ಮ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯೇ. ಅಂದರೆ ಮಕ್ಕಳ ಓಡಾಟ ತಪ್ಪಿಸುವುದಕ್ಕೆಂದೇ ಹುಟ್ಟಿದ ಪರೀಕ್ಷೆ ಇದು. ಅದೇ 2008ರಲ್ಲಿ ಧಾರವಾಡಕ್ಕೂ ಕಲಬುರಗಿಗೂ ಹೈಕೋರ್ಟಿನ ಸಂಚಾರಿ ಪೀಠಗಳು ಬಂದವು, 2013ರಲ್ಲಿ ಕಾಯಂ ಆದವು. ಕಕ್ಷಿದಾರ ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು ಬೆಂಗಳೂರಿಗೆ ಹೋಗುವುದು ಅನ್ಯಾಯ ಎಂದು ನಮ್ಮ ಭಾಗದ ವಕೀಲರು ಎಷ್ಟು ವರ್ಷ ಹೋರಾಡಿದರು! ಆ ಮಾತು ನಾಳೆ ವಕೀಲರಾಗುವ ಮಕ್ಕಳಿಗೂ ಅನ್ವಯಿಸುತ್ತದೆ ಎಂದು ಯಾವ ವಕೀಲರ ಸಂಘವೂ ಹೇಳಿದ್ದನ್ನು ನಾನು ಕೇಳಿಲ್ಲ.

ಪ್ರಶ್ನೆ ಪತ್ರಿಕೆ ಇಂಗ್ಲಿಷಿನಲ್ಲಿ ಮಾತ್ರ. ನೀಟ್ ಕನ್ನಡವೂ ಸೇರಿ ಹದಿಮೂರು ಭಾಷೆಗಳಲ್ಲಿ ನಡೆಯುತ್ತದೆ. ಕ್ಲ್ಯಾಟ್ ಬೇರೆ ಭಾಷೆಗಳಲ್ಲೂ ಬೇಕೆಂದು 2023ರಲ್ಲಿ ದೆಹಲಿ ಹೈಕೋರ್ಟಿಗೆ ಅರ್ಜಿ ಹೋಗಿತ್ತು. 120 ಪ್ರಶ್ನೆಗೆ 120 ನಿಮಿಷ, ಅದರಲ್ಲಿ 450 ಪದಗಳವರೆಗಿನ ಇಂಗ್ಲಿಷ್ ಉದ್ಧೃತ ಭಾಗಗಳನ್ನು ಓದಿ ಉತ್ತರಿಸಬೇಕು, ತಪ್ಪಿದರೆ ಕಾಲು ಅಂಕ ಹೋಗುತ್ತದೆ. ಕನ್ನಡ ಮಾಧ್ಯಮದ ಮಗುವಿಗೆ ಇದರ ಅರ್ಥ ಏನೆಂದು ನಾನು ಹೇಳಬೇಕಾಗಿಲ್ಲ. ಆ ದೊಡ್ಡ ಜಗಳ ದೊಡ್ಡವರಿಗಿರಲಿ. ನಾನು ಕೇಳುವುದು ಬಹಳ ಸಣ್ಣದು.

ಪರೀಕ್ಷೆಯ ದಿನ ಬೆಳಿಗ್ಗೆ ಏಳರಿಂದ ಒಂದು ಹಜಾರ ಬೇಕು. ಪರೀಕ್ಷೆಯ ಕಟ್ಟಡವನ್ನು ಗುಟ್ಟಿನ ಕಾರಣಕ್ಕೆ ಮೊದಲೇ ತೆರೆಯಲಾಗದಿದ್ದರೆ ಬೇಡ. ಹತ್ತಿರದ ಇನ್ನೊಂದು ಕಾಲೇಜಿನ ಸಭಾಂಗಣ, ಸಮುದಾಯ ಭವನ ಯಾವುದಾದರೂ ಆದೀತು. ನೆಲದ ಮೇಲೆ ಜಮಖಾನ, ಕುಡಿಯುವ ನೀರು, ಹೆಣ್ಣುಮಕ್ಕಳಿಗೆ ಬೇರೆ ಶೌಚಾಲಯ, ಬ್ಯಾಗು ಇಡಲು ಎರಡು ಮೇಜು. ಬೆಂಗಳೂರಿನಲ್ಲಿ ಕಾನೂನು ಕಾಲೇಜುಗಳಿಗೆ ಬರವಿಲ್ಲ, ಅವುಗಳಲ್ಲಿ ಎನ್ನೆಸ್ಸೆಸ್ ಘಟಕಗಳಿವೆ. ಒಂದು ಭಾನುವಾರ ನಾಲ್ಕು ವಿದ್ಯಾರ್ಥಿಗಳು ಮೇಜಿನ ಹಿಂದೆ ಕುಳಿತರೆ ನಾನು ಮಾಡಿದ ಕೆಲಸವನ್ನು ನನಗಿಂತ ಚೆನ್ನಾಗಿ ಮಾಡುತ್ತಾರೆ. ಆ ಹಜಾರ ಎಲ್ಲಿದೆ, ಯಾವ ಬಸ್ಸು ಹೋಗುತ್ತದೆ ಎಂಬುದನ್ನು ಪ್ರವೇಶ ಪತ್ರದ ಜತೆ ಕನ್ನಡದಲ್ಲೂ ಒಂದು ಪುಟ ಕೊಡಬೇಕು. ಮಕ್ಕಳಿಗೆ ಇಂಗ್ಲಿಷ್ ಬರುತ್ತದೆ, ಅದು ಅವರನ್ನು ಕರೆತರುವ ನಮಗಾಗಿ. ಎಸ್ಸೆಸ್ಸೆಲ್ಸಿ, ಪಿಯು ಪರೀಕ್ಷೆಯ ದಿನಗಳಲ್ಲಿ ಪ್ರವೇಶ ಪತ್ರ ತೋರಿಸಿದರೆ ಸಾರಿಗೆ ಬಸ್ಸಿನಲ್ಲಿ ಉಚಿತವಾಗಿ ಬಿಡುತ್ತಾರೆ. ಶಕ್ತಿ ಯೋಜನೆ ಇಲ್ಲದ ಗಂಡುಮಕ್ಕಳಿಗೆ ಆ ಸೌಲಭ್ಯವನ್ನು ಇಂಥ ಪರೀಕ್ಷೆಗೂ ಕೊಟ್ಟರೆ ಸರ್ಕಾರ ಮುಳುಗುವುದಿಲ್ಲ.

ನಿಮ್ಮ ಪತ್ರಿಕೆಗೂ ಒಂದು ಕೋರಿಕೆ. ಶಿಕ್ಷಣ ಪುಟದಲ್ಲಿ ರ‍್ಯಾಂಕ್ ಬಂದವರು ದಿನಕ್ಕೆ ಎಷ್ಟು ಗಂಟೆ ಓದಿದರು ಎಂದು ಬರೆಯುತ್ತೀರಿ, ಸಂತೋಷ. ಆಗಸ್ಟ್‌ನಲ್ಲಿ ಅರ್ಜಿ ಕರೆದಾಗ ಒಂದು ಚೌಕಟ್ಟಿನಲ್ಲಿ ಇಷ್ಟನ್ನೂ ಹಾಕಿ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಕರ್ನಾಟಕದಲ್ಲಿ ಕನಿಷ್ಠ ಹತ್ತು ವರ್ಷ ಓದಿದವರಿಗೆ ಶೇ 25ರ ಮೀಸಲಾತಿ ಇದೆ ಎಂಬುದು ನಮ್ಮ ಕಡೆ ಯಾರಿಗೂ ಗೊತ್ತಿಲ್ಲ. ನಮ್ಮ ರಾಜ್ಯದ ಹಿಂದುಳಿದ ವರ್ಗಗಳ 2ಎ, 3ಬಿ ಪ್ರಮಾಣ ಪತ್ರ ಬೇರೆ, ಕೇಂದ್ರ ನಮೂನೆಯ ಒಬಿಸಿ ಪ್ರಮಾಣ ಪತ್ರ ಬೇರೆ. ಎರಡನೆಯದಕ್ಕೆ ನಾಡಕಚೇರಿಯಲ್ಲಿ ಪ್ರತ್ಯೇಕವಾಗಿ ಅರ್ಜಿ ಹಾಕಬೇಕು, ಕೊನೆಯ ವಾರದಲ್ಲಿ ಓಡಿದರೆ ಸಿಗುವುದಿಲ್ಲ. ಈ ಪರೀಕ್ಷೆ ಈಗ ಮೇ ತಿಂಗಳಿನಲ್ಲಿ ನಡೆಯುವುದಿಲ್ಲ, 2022ರಿಂದ ಡಿಸೆಂಬರ್‌ಗೆ ಬಂದಿದೆ ಎಂಬುದನ್ನೂ ದಪ್ಪ ಅಕ್ಷರದಲ್ಲಿ ಹಾಕಿ. ಪಿಯು ಪರೀಕ್ಷೆ ಮುಗಿಸಿ ನೋಡೋಣ ಎಂದು ಕುಳಿತವರನ್ನು ನಾನೇ ಇಬ್ಬರನ್ನು ಕಂಡಿದ್ದೇನೆ. ಮೊಬೈಲಿನಲ್ಲೇ ಅಣಕು ಪರೀಕ್ಷೆ ಬರೆದು ರೂಢಿಯಾದವರು, ಉತ್ತರದ ವೃತ್ತಗಳನ್ನು ಪೆನ್ನಿನಿಂದ ತುಂಬುವ ಒಎಂಆರ್ ಹಾಳೆಯನ್ನು ಹತ್ತು ಸಲವಾದರೂ ಕೈಯಾರೆ ತುಂಬಿ ನೋಡಲಿ. ನಾನು ಹುಡುಗಿಗೆ ಇಪ್ಪತ್ತು ಹಾಳೆ ಮುದ್ರಿಸಿ ಕೊಟ್ಟಿದ್ದೆ. ಮೊದಲ ದಿನ 120 ವೃತ್ತ ತುಂಬಲು ಅವಳಿಗೆ ಹದಿನೆಂಟು ನಿಮಿಷ ಬೇಕಾಯಿತು, ಕೊನೆಗೆ ಎಂಟಕ್ಕೆ ಇಳಿಯಿತು. ಕೈಗಡಿಯಾರವನ್ನೂ ಹತ್ತು ದಿನ ಮೊದಲೇ ಕಟ್ಟಿಕೊಂಡು ರೂಢಿ ಮಾಡಿಕೊಳ್ಳಲಿ. ನಾವು ಬಸ್ ನಿಲ್ದಾಣದ ಎದುರು 180 ರೂಪಾಯಿಗೆ ಕೊಂಡದ್ದು. ಮುಳ್ಳು ನೋಡಿ ಇನ್ನೆಷ್ಟು ನಿಮಿಷ ಉಳಿದಿದೆ ಎಂದು ಲೆಕ್ಕ ಹಾಕಲು ಈಗಿನ ಮಕ್ಕಳಿಗೆ ಒಂದು ಕ್ಷಣ ಬೇಕಾಗುತ್ತದೆ.

ನಾಲ್ಕಕ್ಕೆ ಗಂಟೆ ಹೊಡೆಯಿತು. ಮೊದಲೇ ಮುಗಿಸಿದರೂ ಯಾರನ್ನೂ ಹೊರಗೆ ಬಿಡುವುದಿಲ್ಲವಾದ್ದರಿಂದ ಎಲ್ಲರೂ ಒಟ್ಟಿಗೇ ನುಗ್ಗಿ ಬಂದರು. ಪ್ರವೇಶ ಪತ್ರ ತೋರಿಸಿ, ನಾಲ್ಕು ಅಂಕಿ ಹೇಳಿ ಒಬ್ಬೊಬ್ಬರಾಗಿ ಬ್ಯಾಗು ಒಯ್ದರು. ಒಬ್ಬ ಹುಡುಗಿ ನನ್ನ ಕಾಲು ಮುಟ್ಟಲು ಬಂದಳು, ಬೇಡವೆಂದೆ. ಸಣಕಲು ಹುಡುಗ ನಾಲ್ಕೂವರೆಯ ಹೊತ್ತಿಗೆ ಬಂದ. ಯಾವುದೋ ಬಸ್ಸು ತಪ್ಪುತ್ತದೆಂದು ಅವಸರದಲ್ಲಿದ್ದ. ಬ್ಯಾಗು ಕೊಟ್ಟೆ, ಮೊಬೈಲು ಕೊಟ್ಟೆ, ಅವ್ವ ಫೋನ್ ಮಾಡಿದ್ದರು ಎಂದೆ. ಅವನು ಓಡಿದ. ತಗಡಿನ ನೆರಳಿನ ಕೆಳಗೆ ಡಬ್ಬಿ ಉಳಿದುಬಿಟ್ಟಿತು. ಚೀಟಿಯನ್ನು ಬ್ಯಾಗಿಗೆ ಮಾತ್ರ ಸಿಕ್ಕಿಸಿದ್ದೆ, ಡಬ್ಬಿಗೆ ಸಿಕ್ಕಿಸಿರಲಿಲ್ಲ. ತಪ್ಪು ನನ್ನದೇ.

ಅದು ಈಗ ಲಿಂಗಸುಗೂರಿನಲ್ಲಿ, ನನ್ನ ಅಂಗಡಿಯ ಪ್ರಿಂಟರಿನ ಪಕ್ಕದಲ್ಲಿದೆ. ಒಳಗಿದ್ದ ಶೇಂಗಾ ಹೋಳಿಗೆಗಳನ್ನು ನಾನೂ ನನ್ನ ತಂಗಿಯ ಮಗಳೂ ರಾತ್ರಿ ತುಮಕೂರು ದಾಟಿದ ಮೇಲೆ ತಿಂದೆವು. ಕ್ಷಮೆ ಇರಲಿ, ಬಹಳ ಚೆನ್ನಾಗಿದ್ದವು. ಕಟಕು ರೊಟ್ಟಿಗಳನ್ನು ಹಾಗೆಯೇ ಇಟ್ಟಿದ್ದೇನೆ, ಅವು ಕೆಡುವುದಿಲ್ಲ. ಡಬ್ಬಿಯ ಮುಚ್ಚಳದ ಮೇಲೆ ಯಾರದೋ ಮದುವೆಯ ತಾರೀಖು ಕೆತ್ತಿದೆ. ಆ ತಾಯಿಯದೇ ಇರಬಹುದು. ಈ ಪತ್ರ ಅವರ ಅಥವಾ ಅವರ ಮಗನ ಕಣ್ಣಿಗೆ ಬಿದ್ದರೆ, ಆ ತಾರೀಖನ್ನು ಬರೆದು ನಿಮ್ಮ ಪತ್ರಿಕೆಯ ಕಚೇರಿಗೆ ಒಂದು ಸಾಲು ಹಾಕಲಿ. ನೀವು ನನಗೆ ತಿಳಿಸಿದರೆ, ಅವರ ಊರಿನ ಕಡೆ ಹೋಗುವ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಡಬ್ಬಿಯನ್ನು ಕಳುಹಿಸಿಕೊಡುತ್ತೇನೆ. ಖಾಲಿ ಡಬ್ಬಿ ಕಳುಹಿಸುವ ಪದ್ಧತಿ ನಮ್ಮಲ್ಲಿ ಇಲ್ಲ, ಏನಾದರೂ ಹಾಕಿಯೇ ಕಳುಹಿಸುತ್ತೇನೆ.

ಇತಿ,
ಝೆರಾಕ್ಸ್ ಅಂಗಡಿಯ ಓದುಗಾರ್ತಿ
ಲಿಂಗಸುಗೂರು, ರಾಯಚೂರು ಜಿಲ್ಲೆ